ನೋಟಿನಲ್ಲಿದೆ, ಪಟ್ಟಿಯಲ್ಲಿಲ್ಲ

ಫಿಲಿಪ್ಪೀನ್ಸ್‌ನ 20 ಪೆಸೊ ನೋಟನ್ನು ತಿರುಗಿಸಿದರೆ ಹಿಂಬದಿಯಲ್ಲಿ ಒಂದು ಗುಡ್ಡವಿದೆ. ಹೊಳೆಯ ದಂಡೆಯಿಂದ ಕಾಡಿನ ಅಂಚಿನವರೆಗೆ ಒಂದರ ಮೇಲೊಂದು ಗದ್ದೆ ಹೊತ್ತು ನಿಂತ ಗುಡ್ಡ. ಪಕ್ಕದಲ್ಲೊಂದು ಪುನುಗು ಬೆಕ್ಕು. ಈ ನೋಟು ಬಂದದ್ದು 2010ರಲ್ಲಿ. ಅದಕ್ಕೂ ಮೊದಲು ಇದೇ ಗದ್ದೆಗಳು 1000 ಪೆಸೊ ನೋಟಿನ ಬೆನ್ನ ಮೇಲಿದ್ದವು. ಸಾವಿರದಿಂದ ಇಪ್ಪತ್ತಕ್ಕೆ ಇಳಿದದ್ದನ್ನು ಹಿಂಬಡ್ತಿ ಎನ್ನುವವರು ಎನ್ನಲಿ. ಸಾವಿರದ ನೋಟು ಬಡವರ ಕೈಗೆ ಅಪರೂಪಕ್ಕೆ ಬರುತ್ತದೆ, ಇಪ್ಪತ್ತರದ್ದು ಮೀನಿನ ಅಂಗಡಿಯಿಂದ ಜೀಪ್ನಿ ಎಂಬ ಪುಟ್ಟ ಬಸ್ಸಿನ ಚಾಲಕನ ಜೇಬಿನವರೆಗೆ ದಿನವಿಡೀ ತಿರುಗುತ್ತದೆ.

ಆ ಗುಡ್ಡದ ಊರು ಬನಾವೆ. ಲುಜಾನ್ ದ್ವೀಪದ ಉತ್ತರಕ್ಕಿರುವ ಕಾರ್ಡಿಲ್ಲೆರ ಪರ್ವತಸಾಲಿನಲ್ಲಿ, ಇಫುಗಾವ್ ಎಂಬ ಪ್ರಾಂತ್ಯದಲ್ಲಿದೆ. ಪ್ರಾಂತ್ಯಕ್ಕೂ ಅಲ್ಲಿನ ಜನರಿಗೂ ಒಂದೇ ಹೆಸರು. ಫಿಲಿಪ್ಪೀನ್ಸ್‌ನ ಶಾಲೆಗಳಲ್ಲಿ ಮಕ್ಕಳು ಈ ಗದ್ದೆಗಳನ್ನು ಜಗತ್ತಿನ ಎಂಟನೇ ಅದ್ಭುತ ಎಂದು ಓದುತ್ತಾರೆ. 1973ರಲ್ಲಿ ಸರ್ಕಾರ ಇವನ್ನು ರಾಷ್ಟ್ರೀಯ ಸಂಪತ್ತೆಂದು ಘೋಷಿಸಿತು. 1995ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಕಾರ್ಡಿಲ್ಲೆರದ ಮೆಟ್ಟಿಲು ಗದ್ದೆಗಳನ್ನು ಸೇರಿಸಿತು. ಪಟ್ಟಿಯಲ್ಲಿರುವುದು ಐದು ಕಡೆಯ ಗದ್ದೆಗಳು: ಬತಾಡ್, ಬಂಗಾಆನ್, ಮಯೋಯಾವ್, ಹುಂಗ್ದುವಾನ್ ಮತ್ತು ಕಿಯಾಂಗಾನ್ ಬಳಿಯ ನಗಕಾದಾನ್. ಬತಾಡ್ ಮತ್ತು ಬಂಗಾಆನ್ ಬನಾವೆಯ ಆಡಳಿತಕ್ಕೇ ಸೇರಿದ ಹಳ್ಳಿಗಳು. ಆದರೆ ಬನಾವೆ ಪೇಟೆಯ ಮೇಲಿನ ನೋಟದ ಕಟ್ಟೆಯಲ್ಲಿ ನಿಂತು ಎಲ್ಲರೂ ಫೋಟೊ ತೆಗೆಯುವ, ನೋಟಿನ ಮೇಲೆ ಅಚ್ಚಾದ ಆ ಸಾಲು ಮಾತ್ರ ಐದರಲ್ಲಿ ಒಂದಲ್ಲ. ಗದ್ದೆಗಳ ನಡುವೆ ಎದ್ದ ಹೊಸಕಾಲದ ಕಟ್ಟಡಗಳೇ ಅದಕ್ಕೆ ಅಡ್ಡಿಯಾದವು.

ಬನಾವೆಯ ವಿಷಯದಲ್ಲಿ ಇದು ಮತ್ತೆ ಮತ್ತೆ ಎದುರಾಗುತ್ತದೆ. ಅದರ ಬಗ್ಗೆ ಜಗತ್ತು ಬಾಯಿಪಾಠ ಮಾಡಿಕೊಂಡಿರುವ ಮಾತುಗಳೇ ಬೇರೆ, ಅಲ್ಲಿ ನಡೆಯುವ ಬದುಕೇ ಬೇರೆ. ಬಾಯಿಪಾಠಕ್ಕಿಂತ ಬದುಕೇ ಹೆಚ್ಚು ಸ್ವಾರಸ್ಯದ್ದು ಎಂಬುದು ನನ್ನ ಅಂಬೋಣ.

ಮನಿಲಾದಿಂದ ಬನಾವೆಗೆ ಸುಮಾರು 350 ಕಿಲೋಮೀಟರ್. ರಾತ್ರಿ ಬಸ್ಸು ಹತ್ತಿದರೆ ಒಂಬತ್ತು ಹತ್ತು ತಾಸಿನ ಹಾದಿ, ಕೊನೆಯ ಭಾಗವೆಲ್ಲ ತಿರುವುಗಳೇ. ಬೆಳಗಿನ ಚಳಿಯಲ್ಲಿ ಇಳಿದವರಿಗೆ ಮೊದಲು ಕಾಣುವುದು ಗದ್ದೆಯಲ್ಲ, ತಗಡಿನ ಸೂರು. ಕಣಿವೆಯ ಇಳಿಜಾರಿಗೆ ಅಂಟಿಕೊಂಡ ಕಾಂಕ್ರೀಟ್ ಕಟ್ಟಡಗಳು. ರಸ್ತೆಯ ಕಡೆಯಿಂದ ನೋಡಿದರೆ ಒಂದೇ ಅಂತಸ್ತು, ಹೊಳೆಯ ಕಡೆಯಿಂದ ನೋಡಿದರೆ ಮೂರೋ ನಾಲ್ಕೋ. ಸುತ್ತಲ ಹಳ್ಳಿಗಳೂ ಸೇರಿ ಇಪ್ಪತ್ತು ಸಾವಿರದಷ್ಟು ಜನ. ಬೈಕಿಗೆ ತೊಟ್ಟಿಲು ಕಟ್ಟಿದಂಥ ಟ್ರೈಸಿಕಲ್‌ಗಳು, ನೆತ್ತಿಯ ಮೇಲೂ ಜನರನ್ನು ಕೂರಿಸಿಕೊಂಡ ಜೀಪ್ನಿಗಳು, ಮರದ ಕೆತ್ತನೆಯ ಅಂಗಡಿಗಳು, ಮೊಬೈಲ್ ರೀಚಾರ್ಜಿನ ಗೂಡುಗಳು. ಕನ್ನಡಿಗರಿಗೆ ಊರು ಥಟ್ಟನೆ ಹತ್ತಿರವಾಗುವುದು ಒಂದು ಫಲಕದಿಂದ: ಇಲ್ಲಿ ಮೊಮಾ ಉಗಿಯಬಾರದು. ಮೊಮಾ ಎಂದರೆ ಎಲೆ, ಅಡಿಕೆ, ಸುಣ್ಣ. ಗಂಡಸರು ಹೆಂಗಸರೆನ್ನದೆ ಇಫುಗಾವ್ ಜನ ಅಗಿಯುತ್ತಾರೆ. ಸಂಧಾನಕ್ಕೆ ಕೂತರೂ ಮದುವೆ ಮಾತಿಗೆ ಕೂತರೂ ಮೊದಲು ಸಂಚಿ ಬಿಚ್ಚುತ್ತಾರೆ. ಫಲಕಕ್ಕೆ ಎಷ್ಟು ಬೆಲೆ ಸಿಗುತ್ತದೆಂಬುದನ್ನು ಗೋಡೆಗಳೇ ಹೇಳುತ್ತವೆ. ಆ ದೃಶ್ಯ ನಮಗೇನೂ ಹೊಸದಲ್ಲ.

ನೋಟದ ಕಟ್ಟೆಗಳ ಬಳಿ ಗರಿಯ ಮುಕುಟ, ಕೆಂಪು ನೇಯ್ಗೆಯ ಉಡುಪು ತೊಟ್ಟ ಮುದುಕ ಮುದುಕಿಯರು ಕೂತಿರುತ್ತಾರೆ. ಜೊತೆಗೆ ನಿಂತು ಫೋಟೊ ತೆಗೆಸಿಕೊಂಡರೆ ಕೈಗೆ ಒಂದಿಷ್ಟು ಕೊಡಬೇಕು. ಇದನ್ನು ಕಂಡು ಮೂಗು ಮುರಿಯುವ ಪ್ರವಾಸಿಗರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಇವರ ಮುತ್ತಜ್ಜಂದಿರು ಕಟ್ಟಿದ್ದನ್ನು ಪುಕ್ಕಟೆ ನೋಡಿ ಹೋಗುವ ಬಸ್ಸುಗಟ್ಟಲೆ ಜನರಿಂದ ಗದ್ದೆಯವರಿಗೆ ನೇರವಾಗಿ ಸಿಗುವ ಕಾಸು ಅದೊಂದೇ ಇರಬಹುದು.

ಬಾಯಿಪಾಠದ ಮಾತುಗಳಲ್ಲಿ ಮೊದಲನೆಯದು ವಯಸ್ಸು. ಎರಡು ಸಾವಿರ ವರ್ಷ ಹಳೆಯ ಗದ್ದೆಗಳು ಎಂದು ಪ್ರವಾಸಿ ಕೈಪಿಡಿಗಳು ಹೇಳುತ್ತವೆ, ಯುನೆಸ್ಕೊ ಕೂಡ ಹೇಳಿತು. ಈ ಲೆಕ್ಕದ ಮೂಲ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಬಂದ ಇಬ್ಬರು ಅಮೆರಿಕನ್ನರು. ಒಬ್ಬರು ಹೆನ್ರಿ ಓಟ್ಲಿ ಬೆಯರ್. ಈ ಭಾಗಕ್ಕೆ ಶಿಕ್ಷಕರಾಗಿ ಬಂದು, ಬನಾವೆಯ ಸೀಮೆಯ ಹುಡುಗಿಯನ್ನೇ ಮದುವೆಯಾಗಿ, ಮುಂದೆ ಫಿಲಿಪ್ಪೀನ್ಸ್ ವಿಶ್ವವಿದ್ಯಾಲಯದಲ್ಲಿ ಮಾನವಶಾಸ್ತ್ರ ವಿಭಾಗ ಕಟ್ಟಿದವರು. ಇನ್ನೊಬ್ಬರು ರಾಯ್ ಬಾರ್ಟನ್. ಅವರೂ ಮೇಷ್ಟ್ರೇ, ಕಿಯಾಂಗಾನ್‌ನಲ್ಲಿದ್ದವರು. ಇಷ್ಟೊಂದು ಕಲ್ಲುಗೋಡೆ ಕಟ್ಟಲು, ಇಷ್ಟು ಕಡಿದಾದ ಕಣಿವೆಗಳನ್ನು ತುಂಬಲು ಎಷ್ಟು ಕಾಲ ಹಿಡಿದಿರಬೇಕು ಎಂಬ ಊಹೆಯಿಂದ ಹುಟ್ಟಿದ್ದು ಎರಡು ಮೂರು ಸಾವಿರ ವರ್ಷದ ಅಂದಾಜು. ಅಗೆದು ನೋಡಿ ಹೇಳಿದ್ದಲ್ಲ.

1962ರಲ್ಲಿ ಫೆಲಿಕ್ಸ್ ಕೀಸಿಂಗ್ ಎಂಬ ವಿದ್ವಾಂಸ ಸ್ಪೇನಿನವರ ಹಳೆಯ ದಾಖಲೆಗಳನ್ನು ಓದಿ ಬೇರೆಯೇ ಮಾತು ಎತ್ತಿದರು: ಈ ಗದ್ದೆಗಳು ಸ್ಪೇನಿನವರು ಬಂದ ಮೇಲಿನವು. ಆಗ ಅದನ್ನು ಹೆಚ್ಚು ಜನ ಕಿವಿಗೆ ಹಾಕಿಕೊಳ್ಳಲಿಲ್ಲ. ಈ ಶತಮಾನದಲ್ಲಿ ಸ್ಟೀಫನ್ ಅಕಬಾಡೊ ಎಂಬ ಫಿಲಿಪಿನೊ ಪುರಾತತ್ತ್ವಜ್ಞ, ಇಫುಗಾವ್‌ನವರೇ ಆದ ಮಾರ್ಲಾನ್ ಮಾರ್ಟಿನ್ ಮತ್ತು ಊರವರ ಜೊತೆ ಸೇರಿ ಹಳೆ ಕಿಯಾಂಗಾನ್ ಊರಿನ ನೆಲ ಅಗೆದರು. ಕೆಳಗಿನ ಪದರಗಳಲ್ಲಿ ಸಿಕ್ಕಿದ್ದು ಕೆಸವಿನ ಗುರುತು. ನೀರುಗದ್ದೆಯ ಭತ್ತದ ಕುರುಹು ಬರುವುದು ಸುಮಾರು 1650ರ ಆಚೀಚೆಗೆ, ಅದೂ ಒಮ್ಮೆಲೇ ಜೋರಾಗಿ. ಚೀನಾದ ಪಿಂಗಾಣಿ ಚೂರುಗಳು, ದೂರದ ಗಾಜಿನ ಮಣಿಗಳು ಕೂಡ ಆ ಕಾಲಕ್ಕೇ ಹೆಚ್ಚುತ್ತವೆ.

ಅಕಬಾಡೊ ಹೇಳುವ ಕಾರಣ ಹೀಗಿದೆ. ಹದಿನೇಳನೇ ಶತಮಾನದಲ್ಲಿ ಸ್ಪೇನಿನ ಸೈನಿಕರೂ ಪಾದ್ರಿಗಳೂ ಕೆಳಗಿನ ಮಗಾಟ್ ಕಣಿವೆಗೆ ನುಗ್ಗಿದರು. ತೆರಿಗೆ, ಬಿಟ್ಟಿ ದುಡಿಮೆ, ಮತಾಂತರ ಯಾವುದೂ ಬೇಡವೆಂದ ಬಯಲಿನ ಜನ ಬೆಟ್ಟ ಹತ್ತಿದರು. ಹತ್ತಿದವರು ಕೆಸವು ಬೆಳೆಯುತ್ತಿದ್ದ ಇಳಿಜಾರುಗಳನ್ನು ಭತ್ತದ ಗದ್ದೆ ಮಾಡಿದರು. ಹೆಚ್ಚು ಜನರನ್ನು ಒಂದೆಡೆ ಹಿಡಿದಿಡಲು, ಹಬ್ಬಗಳಲ್ಲಿ ಹಂಚಿ ಮೈತ್ರಿ ಬೆಳೆಸಲು ಭತ್ತ ಬೇಕಿತ್ತು. ಆ ಒಗ್ಗಟ್ಟು ಫಲ ಕೊಟ್ಟಿತು: ಸ್ಪೇನಿನವರು ಮೂರು ಶತಮಾನ ದ್ವೀಪಗಳನ್ನು ಆಳಿದರೂ ಇಫುಗಾವ್ ಅವರ ಹಿಡಿತಕ್ಕೆ ಪೂರ್ತಿ ಸಿಗಲಿಲ್ಲ.

ಎಲ್ಲರೂ ಇದನ್ನು ಒಪ್ಪಿಲ್ಲ. ಎರಡು ಸಾವಿರ ವರ್ಷದ ಹೆಮ್ಮೆಯನ್ನು ನಾಲ್ಕು ನೂರಕ್ಕೆ ಇಳಿಸಿದರೆ ಯಾರಿಗೆ ತಾನೇ ಹಿತವಾದೀತು? ನನಗಂತೂ ಎರಡನೆಯ ಕಥೆಯೇ ದೊಡ್ಡದಾಗಿ ಕಾಣುತ್ತದೆ. ಕಾಲದ ಪರಿವೆಯಿಲ್ಲದೆ ಯಾರೋ ಪ್ರಾಚೀನರು ನಿಧಾನಕ್ಕೆ ಕಟ್ಟಿದರು ಎನ್ನುವುದಕ್ಕಿಂತ, ಬಂದೂಕಿನೆದುರು ಬೆಟ್ಟ ಹತ್ತಿದ ಜನ ಕೆಲವೇ ತಲೆಮಾರುಗಳಲ್ಲಿ ಇಷ್ಟನ್ನು ಎಬ್ಬಿಸಿದರು ಎನ್ನುವುದು ಸಣ್ಣ ಮಾತಲ್ಲ.

ಇನ್ನೊಂದು ಬಾಯಿಪಾಠವನ್ನು ಬೇಗ ಮುಗಿಸಿಬಿಡೋಣ. ಈ ಗದ್ದೆಗಳು 10,360 ಚದರ ಕಿಲೋಮೀಟರ್ ಹರಡಿವೆ ಎಂದು ಎಲ್ಲೆಲ್ಲೂ ಬರೆದಿರುತ್ತದೆ. ಇಡೀ ಇಫುಗಾವ್ ಪ್ರಾಂತ್ಯದ ವಿಸ್ತೀರ್ಣವೇ 2,600 ಚದರ ಕಿಲೋಮೀಟರ್ ಆಸುಪಾಸಿನದು, ಅದರಲ್ಲೂ ಬಹುಪಾಲು ಕಾಡು ಮತ್ತು ಬೋಳುಗುಡ್ಡ. ಗೋಡೆಗಳನ್ನು ಸಾಲಾಗಿ ಜೋಡಿಸಿದರೆ ಅರ್ಧ ಭೂಮಿಯನ್ನು ಸುತ್ತುತ್ತವೆ ಎಂಬ ಮಾತೂ ಇದೇ ಜಾತಿಯದು. ಅಳೆದವರು ಯಾರೋ!

ನಿಜಕ್ಕೂ ಬೆರಗಾಗಬೇಕಾದದ್ದು ಗದ್ದೆಯ ಮೇಲ್ಗಡೆ ಇದೆ. ಫೋಟೊಗಳಲ್ಲಿ ಅದು ಸಾಮಾನ್ಯವಾಗಿ ಅರ್ಧಕ್ಕೆ ಕತ್ತರಿಸಿಹೋಗಿರುತ್ತದೆ. ಗದ್ದೆಸಾಲಿನ ನೆತ್ತಿಯಲ್ಲಿ ಕಾಣುವ ಕಾಡಿನ ತುಣುಕುಗಳ ಹೆಸರು ಮುಯೋಂಗ್. ಇದು ಸರ್ಕಾರಿ ಕಾಡಲ್ಲ, ಊರ ಕಾಡೂ ಅಲ್ಲ. ಒಂದೊಂದು ಮನೆತನಕ್ಕೂ ಒಂದೊಂದು. ಕೊಡಗಿನಲ್ಲಿ ಗದ್ದೆಯ ಜೊತೆಗೇ ಬಾಣೆ ಬರುತ್ತಿತ್ತಲ್ಲ, ಹೆಚ್ಚುಕಡಿಮೆ ಅದೇ ಬಗೆಯ ಏರ್ಪಾಡು. ಸೌದೆ, ಮನೆಗೆ ಬೇಕಾದ ಮರ, ಬೆತ್ತ, ಹಣ್ಣು, ಔಷಧಿ, ಅಡಿಕೆ ಎಲ್ಲವೂ ಮುಯೋಂಗ್‌ನಿಂದಲೇ. ಆದರೆ ಅದರ ಮುಖ್ಯ ಕೆಲಸ ಮಳೆ ನೀರನ್ನು ಹಿಡಿದಿಟ್ಟುಕೊಂಡು ಸ್ವಲ್ಪಸ್ವಲ್ಪವೇ ಕೆಳಗೆ ಬಿಡುವುದು. ಮರ ಕಡಿದಲ್ಲಿ ಹೊಸ ಸಸಿ ನೆಡಬೇಕು, ಪೊದೆ ಸವರಬೇಕು, ಒರತೆಯ ಬಾಯಿ ಮುಚ್ಚದಂತೆ ನೋಡಿಕೊಳ್ಳಬೇಕು. ಮುಯೋಂಗ್ ಬೋಳಾದರೆ ಕೆಳಗಿನ ಗದ್ದೆಯವರೆಲ್ಲ ಬಂದು ಕೇಳುತ್ತಾರೆ.

ಒರತೆಯಿಂದ ಹೊರಟ ನೀರು ಕಾಲುವೆ ಹಿಡಿದು, ಎಡೆಯಲ್ಲಿ ಕಂದರ ಬಂದರೆ ಬಿದಿರಿನ ದೋಣಿಯ ಮೇಲೆ ದಾಟಿ, ಮೇಲಿನ ಗದ್ದೆಗೆ ಬೀಳುತ್ತದೆ. ಅದರ ಕಂಡಿಯಿಂದ ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ. ಹೊಳೆ ಸೇರುವಷ್ಟರಲ್ಲಿ ಅದೇ ನೀರು ಹತ್ತಾರು ಮನೆಗಳ ಗದ್ದೆ ಕಂಡಿರುತ್ತದೆ. ಮೇಲಿನವನು ಕಂಡಿ ಮುಚ್ಚಿದರೆ ಕೆಳಗಿನವನಿಗೆ ಬರ, ಮೇಲಿನವನು ಬದು ಕಟ್ಟದೆ ಬಿಟ್ಟರೆ ಕೆಳಗಿನವನ ಮೇಲೆ ಕುಸಿತ. ಇಷ್ಟು ಬಿಗಿಯಾಗಿ ಹೆಣೆದುಕೊಂಡ ನೀರಿನ ಲೆಕ್ಕವನ್ನು ನೋಡಿಕೊಳ್ಳಲು ಇಲ್ಲಿ ರಾಜನಿರಲಿಲ್ಲ, ಇಲಾಖೆಯಿರಲಿಲ್ಲ, ಕೋರ್ಟೂ ಇರಲಿಲ್ಲ. 1919ರಲ್ಲಿ ಬಾರ್ಟನ್ ಪ್ರಕಟಿಸಿದ ಇಫುಗಾವ್ ಕಾನೂನಿನ ಪುಸ್ತಕ ಇವತ್ತಿಗೂ ಓದಿಸಿಕೊಳ್ಳುವುದು ಇದೇ ಕಾರಣಕ್ಕೆ. ಜಗಳ ಬಂದರೆ ಮೊಂಕಲುನ್ ಎಂಬ ಮಧ್ಯಸ್ಥ ಎರಡೂ ಮನೆಗಳಿಗೆ ಓಡಾಡಿ, ಬೆದರಿಸಿ, ಪುಸಲಾಯಿಸಿ, ದಂಡ ಎಷ್ಟೆಂದು ಹೊಂದಿಸುತ್ತಿದ್ದ. ಅವನ ಮಾತು ಮುರಿದುಬಿದ್ದರೆ ಮುಂದಿನದು ಈಟಿ. ಇದೇನು ಸಾಧುಸಂತರ ನಾಡಲ್ಲ. ತಲೆ ಕಡಿದು ತರುವ ವೈರಗಳೂ ಇಲ್ಲಿದ್ದವು. ಆದರೆ ಕಾಲುವೆ ಮಾತ್ರ ಹರಿಯುತ್ತಿತ್ತು.

ಗೋಡೆ ಕಟ್ಟುವುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಬುಡಕ್ಕೆ ದೊಡ್ಡ ಕಲ್ಲು. ಮೇಲೇರಿದಂತೆ ಗೋಡೆ ಗುಡ್ಡದ ಕಡೆಗೆ ತುಸು ವಾಲಬೇಕು, ಇಲ್ಲದಿದ್ದರೆ ಮೊದಲ ಮಳೆಗೇ ಹೊಟ್ಟೆ ಬಿಡುತ್ತದೆ. ಗಾರೆಯಿಲ್ಲ, ಸಿಮೆಂಟಿಲ್ಲ. ಗೋಡೆಯ ಹಿಂದೆ ಮೊದಲು ಕಲ್ಲುಚೂರು, ಅದರ ಮೇಲೆ ಜಲ್ಲಿ ಮಣ್ಣು, ಅದರ ಮೇಲೆ ನೀರು ಇಂಗದಂಥ ಜಿಗುಟು ಮಣ್ಣು, ಕೊನೆಗೆ ಭತ್ತ ಬೇರಿಳಿಸುವ ಕಪ್ಪು ಕೆಸರು. ಇಷ್ಟು ಮಣ್ಣು ಹೊರುವವರು ಯಾರು? ನೀರೇ ಹೊರುತ್ತಿತ್ತು. ಗುಡ್ಡದ ಮೇಲ್ಭಾಗದಲ್ಲಿ ಮಣ್ಣು ಸಡಿಲಿಸಿ ಕಾಲುವೆಯ ನೀರು ಬಿಟ್ಟರೆ ಅದು ಕೊಚ್ಚಿಕೊಂಡು ಬಂದು ಗೋಡೆಯ ಹಿಂದೆ ತಾನಾಗಿ ತುಂಬಿಕೊಳ್ಳುತ್ತಿತ್ತು. ಇದನ್ನೆಲ್ಲ ಕೂತು ನೋಡಿ, ಅಳೆದು, ನಕ್ಷೆ ಬರೆದವರು ಯೇಲ್ ವಿಶ್ವವಿದ್ಯಾಲಯದ ಹೆರಾಲ್ಡ್ ಕಾಂಕ್ಲಿನ್. 1980ರಲ್ಲಿ ಹೊರಬಂದ ಅವರ ಇಫುಗಾವ್ ಅಟ್ಲಾಸ್‌ನಲ್ಲಿ ಒಂದೊಂದು ಗದ್ದೆಯೂ ಗುರುತಾಗಿದೆ. ಕಲ್ಲು ಸಿಗುವ ಬತಾಡ್‌ನಲ್ಲಿ ಕಲ್ಲಿನ ಗೋಡೆ, ಕಿಯಾಂಗಾನ್ ಕಡೆ ಹೆಚ್ಚಾಗಿ ಮಣ್ಣಿನದು. ಕೆಲವೆಡೆ ಗೋಡೆ ಎರಡಾಳು ಎತ್ತರ ದಾಟುತ್ತದೆ, ಅದರ ಮೇಲಿನ ಗದ್ದೆ ಮಾತ್ರ ನಾಲ್ಕು ಹೆಜ್ಜೆ ಅಗಲ. ಕೋಣವಾಗಲಿ ಟಿಲ್ಲರ್ ಆಗಲಿ ತಿರುಗುವ ಜಾಗವಲ್ಲ ಅದು. ಕೆಸರು ತಿರುವುವುದು ಮರದ ಸನಿಕೆಯಿಂದ, ಕಾಲಿನಿಂದ.

ಗದ್ದೆ ವರ್ಷವಿಡೀ ನೀರಿನಲ್ಲೇ ಇರುತ್ತದೆ. ಕೊಯ್ಲಾದ ಮೇಲೂ ಒಣಗಲು ಬಿಡುವುದಿಲ್ಲ. ಹುಲ್ಲನ್ನು ಕೆಸರಿಗೇ ತುಳಿದು ಕೊಳೆಸುತ್ತಾರೆ, ನಡುನಡುವೆ ಕೆಸರಿನ ಗುಪ್ಪೆ ಮಾಡಿ ಸೊಪ್ಪು ತರಕಾರಿ ಹಾಕುತ್ತಾರೆ, ನಿಂತ ನೀರಿನಲ್ಲಿ ಸಣ್ಣ ಮೀನು, ಬಸವನಹುಳ ಹಿಡಿಯುತ್ತಾರೆ. ಇಲ್ಲಿನ ನಾಡತಳಿಗೆ ತಿನಾವೊನ್ ಎಂದು ಹೆಸರು, ವರ್ಷಕ್ಕೊಂದೇ ಬೆಳೆ. ವರ್ಷದ ಕೊನೆಯ ಹೊತ್ತಿಗೆ ಸಸಿಮಡಿ, ಹೊಸ ವರ್ಷದ ಮೊದಲ ತಿಂಗಳುಗಳಲ್ಲಿ ನಾಟಿ, ಜೂನ್ ಜುಲೈಗೆ ಕೊಯ್ಲು. ಚಳಿಯಲ್ಲಿ ಬೆಳೆಯುವ ಭತ್ತಕ್ಕೆ ಅವಸರವಿಲ್ಲ.

ಯಾರ ಗದ್ದೆಯಲ್ಲಿ ಮೊದಲು ನಾಟಿ ಎಂಬುದಕ್ಕೂ ಕಟ್ಟಳೆಯಿತ್ತು. ಪ್ರತಿ ಬಯಲಿಗೂ ಒಂದು ಹಿರಿಯ ಮನೆತನ. ಅದರ ಯಜಮಾನ ಅಥವಾ ಯಜಮಾನಿ ತೊಮೊನಾ. ಆ ಮನೆಯ ಗದ್ದೆಗೆ ಸಸಿ ಬೀಳುವವರೆಗೆ ಉಳಿದವರು ಇಳಿಯುವಂತಿಲ್ಲ, ಆ ಗದ್ದೆ ಕೊಯ್ಯುವವರೆಗೆ ಕತ್ತಿ ಎತ್ತುವಂತಿಲ್ಲ. ಮೂಢನಂಬಿಕೆ ಎಂದು ಮಿಷನರಿಗಳು ಕೈಬಿಡಿಸಿದ ಕಟ್ಟಳೆ ಇದು. ಕೃಷಿ ವಿಜ್ಞಾನಿಗಳು ಈಗ ಬೇರೆ ಲೆಕ್ಕ ಹೇಳುತ್ತಾರೆ: ಇಡೀ ಕಣಿವೆ ಒಟ್ಟಿಗೆ ನೆಟ್ಟು ಒಟ್ಟಿಗೆ ಕೊಯ್ದರೆ ಇಲಿಗೂ ಕೀಟಕ್ಕೂ ಒಂದು ಗದ್ದೆಯಿಂದ ಇನ್ನೊಂದಕ್ಕೆ ದಾಟಿಕೊಂಡು ವರ್ಷವಿಡೀ ಮೇಯಲು ಆಗುವುದಿಲ್ಲ, ನೀರಿನ ಹಂಚಿಕೆಯೂ ಸಲೀಸು.

ಬೀಜ ಆರಿಸುವುದು, ನಾಟಿ, ಕಳೆ, ಕೊಯ್ಲು ಹೆಂಗಸರ ಕೆಲಸ. ಬುಡ ಹಿಡಿದು ಕೊಯ್ಯುವ ಪದ್ಧತಿ ಇಲ್ಲಿನದಲ್ಲ. ಅಂಗೈಯೊಳಗೆ ಅಡಗುವ ಸಣ್ಣ ಕತ್ತಿಯಿಂದ ಒಂದೊಂದೇ ತೆನೆ, ಉದ್ದ ದಂಟಿನ ಸಮೇತ. ಎಡಗೈ ತುಂಬಿದಾಗ ಬಿದಿರಿನ ಸೀಳಿನಿಂದ ಕಟ್ಟು. ಕೊಯ್ಯುವಾಗಲೇ ಮುಂದಿನ ವರ್ಷದ ಬೀಜಕ್ಕೆ ಒಳ್ಳೆಯ ತೆನೆ ಬೇರೆಯಾಗುತ್ತದೆ. ಆ ಕಣ್ಣು ಮುದುಕಿಯರದು. ಕಟ್ಟುಗಳನ್ನು ಅಡ್ಡೆಗೆ ಸಿಕ್ಕಿಸಿ, ಅರ್ಧ ಅಡಿ ಅಗಲದ ಬದುವಿನ ಮೇಲೆ, ಒಂದು ಪಕ್ಕ ಕೆಸರು ಇನ್ನೊಂದು ಪಕ್ಕ ಎರಡಾಳು ಪ್ರಪಾತವಿರುವಲ್ಲಿ ಓಡುನಡಿಗೆಯಲ್ಲಿ ಸಾಗಿಸುವುದು ಗಂಡಸರ ಪಾಲು.

ಕೊಯ್ಲು, ಕಳೆ ಕೀಳುವಾಗ ಹಾಡುವುದು ಹುಡ್ಹುಡ್. ಇದನ್ನು ಹಾಡು ಎನ್ನುವುದಕ್ಕಿಂತ ಕಾವ್ಯ ಎನ್ನಬೇಕು. ಮುಂದಾಳು ಹೆಂಗಸು ಒಂದು ಸೊಲ್ಲು ಎತ್ತಿದರೆ ಉಳಿದವರು ಹಿಡಿದುಕೊಳ್ಳುತ್ತಾರೆ. ಇನ್ನೂರಕ್ಕೂ ಹೆಚ್ಚು ಹುಡ್ಹುಡ್‌ಗಳಿವೆ, ಒಂದೊಂದರಲ್ಲಿ ನಲವತ್ತರಷ್ಟು ಕಂತು, ಪೂರ್ತಿ ಹಾಡಲು ಮೂರು ನಾಲ್ಕು ದಿನ. ಹೆಚ್ಚು ಹೆಸರಾದ ಕಥೆಯ ನಾಯಕ ಅಲಿಗುಯೋನ್. ಅಪ್ಪನ ಹಳೆಯ ವೈರಿಯ ಮಗ ಪುಂಬಖಯೋನ್ ಜೊತೆ ವರ್ಷಗಟ್ಟಲೆ ಕಾದಾಡಿ, ಇಬ್ಬರಲ್ಲಿ ಯಾರೂ ಸೋಲದೆ, ಕೊನೆಗೆ ಹೆಣ್ಣು ಕೊಟ್ಟು ಹೆಣ್ಣು ತಂದು ಬೀಗರಾಗುತ್ತಾರೆ. ಬೆನ್ನು ಬಗ್ಗಿಸಿ ದಿನಗಟ್ಟಲೆ ತೆನೆ ಕೊಯ್ಯುವವರಿಗೆ ಮುಗಿಯದ ಕಾಳಗವೇ ಬೇಕಲ್ಲವೆ! 2001ರಲ್ಲಿ ಯುನೆಸ್ಕೊ ಹುಡ್ಹುಡ್ ಅನ್ನು ಮೌಖಿಕ ಪರಂಪರೆಯ ಮೇರುಕೃತಿಗಳ ಸಾಲಿಗೆ ಸೇರಿಸಿತು.

ವಿಚಿತ್ರವೆಂದರೆ ಅದೇ 2001ರಲ್ಲಿ ಗದ್ದೆಗಳು ಅಪಾಯದಲ್ಲಿರುವ ಪರಂಪರೆಯ ಪಟ್ಟಿಗೆ ಹೋದವು. ಕಾಲು ಭಾಗಕ್ಕೂ ಹೆಚ್ಚು ಗದ್ದೆಗಳನ್ನು ಜನ ಬಿಟ್ಟುಬಿಟ್ಟಿದ್ದಾರೆ, ಗೋಡೆಗಳು ಜರಿಯುತ್ತಿವೆ ಎಂಬುದು ಆಗಿನ ವರದಿ. ಹೊರಬರಲು 2012ರವರೆಗೆ ಕಾಯಬೇಕಾಯಿತು.

ಯಾಕೆ ಬಿಟ್ಟರು ಎಂಬುದಕ್ಕೆ ಉತ್ತರ ಗದ್ದೆಯಲ್ಲಿಲ್ಲ, ಲೆಕ್ಕದಲ್ಲಿದೆ. ಬಯಲುಸೀಮೆಯ ರೈತ ವರ್ಷಕ್ಕೆ ಎರಡು ಬೆಳೆ ತೆಗೆಯುತ್ತಾನೆ, ಯಂತ್ರ ಇಳಿಸುತ್ತಾನೆ. ಇಲ್ಲಿ ಒಂದೇ ಬೆಳೆ, ಎಲ್ಲವೂ ಕೈಕೆಲಸ, ಇಳುವರಿ ಕಡಿಮೆ. ಮನೆಯ ಗದ್ದೆಯ ಅಕ್ಕಿ ವರ್ಷದ ಕೆಲವು ತಿಂಗಳಿಗಷ್ಟೇ ಸಾಕು. ಅಕ್ಕಿಯ ಗದ್ದೆಗೆಂದು ಜಗತ್ತು ಬಂದು ನೋಡುವ ಬನಾವೆಯ ಅಂಗಡಿಗಳಲ್ಲಿ ಬಯಲಿನ ಅಕ್ಕಿಯ ಮೂಟೆಗಳು ರಾಶಿ ಬಿದ್ದಿರುತ್ತವೆ. ದಿನದ ಊಟ ಅದರಲ್ಲೇ.

ಇದಕ್ಕೆ ಎರಡು ಹುಳದ ಕಾಟ ಸೇರಿತು. ಒಂದು ಹೊರಗಿನಿಂದ ಬಂದದ್ದು: ದಕ್ಷಿಣ ಅಮೆರಿಕದ ಬಂಗಾರಬಣ್ಣದ ಬಸವನಹುಳ. 1980ರ ದಶಕದಲ್ಲಿ ಬಡವರ ತಟ್ಟೆಗೆ ಅಗ್ಗದ ಮಾಂಸ ಸಿಗಲೆಂದು ಫಿಲಿಪ್ಪೀನ್ಸ್‌ಗೆ ತಂದರು. ಅದನ್ನು ತಿನ್ನುವವರು ಕಡಿಮೆಯಾದರು, ಅದು ಎಳೆ ಪೈರು ತಿನ್ನುವುದು ಹೆಚ್ಚಾಯಿತು. ಇನ್ನೊಂದು ಎರೆಹುಳ. ರೈತನ ಮಿತ್ರ ಎಂದು ನಾವು ಪಠ್ಯಪುಸ್ತಕದಲ್ಲಿ ಓದಿದ ಅದೇ ಎರೆಹುಳ, ಆದರೆ ಇಲ್ಲಿನದು ಗಾತ್ರದಲ್ಲಿ ದೊಡ್ಡದು. ಗದ್ದೆಯಲ್ಲಿ ನೀರು ನಿಂತಿರುವವರೆಗೆ ಅದು ಬದಿಗೆ ಸರಿದಿರುತ್ತದೆ. ನೀರು ಕಡಿಮೆಯಾಗಿ ಕೆಸರು ಬಿರುಕು ಬಿಟ್ಟರೆ ಆಳಕ್ಕೆ ಕೊರೆಯುತ್ತದೆ. ಮತ್ತೆ ನೀರು ಬಿಟ್ಟಾಗ ಆ ಬಿಲಗಳ ಮೂಲಕ ಸೋರಿ ಗೋಡೆಯ ಬುಡ ಸಡಿಲವಾಗುತ್ತದೆ. 2010ರ ಎಲ್ ನಿನೊ ಬರಗಾಲದಲ್ಲಿ ಬನಾವೆಯ ಗದ್ದೆಗಳು ಒಣಗಿ ಸೀಳಿದಾಗ ಇದೇ ಆಯಿತು. ಹುಳವನ್ನು ಬೈದರೆ ಪ್ರಯೋಜನವಿಲ್ಲ. ಮುಯೋಂಗ್ ತೆಳುವಾದರೆ ಒರತೆ ತೆಳುವಾಗುತ್ತದೆ, ಒರತೆ ತೆಳುವಾದರೆ ಗದ್ದೆ ಒಣಗುತ್ತದೆ, ಗದ್ದೆ ಒಣಗಿದರೆ ಹುಳ ಕೊರೆಯುತ್ತದೆ.

ಮುಯೋಂಗ್ ತೆಳುವಾದದ್ದರಲ್ಲಿ ಪ್ರವಾಸಿಗರ ಪಾಲೂ ಇದೆ. ಇಫುಗಾವ್ ಜನ ಕಣಜದಲ್ಲಿ ಬುಲುಲ್ ಎಂಬ ಮರದ ಜೋಡಿಮೂರ್ತಿ ಇಡುತ್ತಿದ್ದರು, ಭತ್ತ ಕಾಯಲು. ಮುಂಬಾಕಿ ಎಂಬ ಪೂಜಾರಿ ಮಂತ್ರ ಹೇಳಿ, ಹಂದಿ ಬಲಿಕೊಟ್ಟು, ಅದರ ರಕ್ತ ಹಚ್ಚಿ ಪ್ರತಿಷ್ಠೆ ಮಾಡಿದ ಮೇಲೆಯೇ ಅದು ಬುಲುಲ್. ಹಳೆಯವು ಸಂಗ್ರಾಹಕರ ಕೈ ಸೇರಿ ದೇಶವಿದೇಶದ ಮ್ಯೂಸಿಯಂಗಳಿಗೆ ಹೋದವು. ಬೇಡಿಕೆ ಕಂಡ ಮೇಲೆ ಹೊಸವು ಸಾಲುಸಾಲಾಗಿ ಕೆತ್ತಿಸಿಕೊಂಡವು, ಜೊತೆಗೆ ಹದ್ದು, ಸಿಂಹ, ಬುದ್ಧ. ಮರ ಬೆಟ್ಟದ್ದು. ಕೆತ್ತುವವರಲ್ಲಿ ಹಲವರು ಬಾಗಿಯೊ ನಗರದ ಆಸಿನ್ ರಸ್ತೆಗೆ ವಲಸೆ ಹೋಗಿ ಅಲ್ಲೊಂದು ಕೆತ್ತನೆಯ ಕೇರಿಯನ್ನೇ ಕಟ್ಟಿದ್ದಾರೆ. ಮುಂಬಾಕಿಗಳ ಮಕ್ಕಳು ಚರ್ಚಿಗೆ ಹೋಗುತ್ತಾರೆ, ಮಂತ್ರ ಕಲಿತವರು ಕಡಿಮೆ. ಹೊರಗಿನ ಲೋಕ ಇವರನ್ನು ವೇಷಕ್ಕಾಗಿ ಕರೆದದ್ದೂ ಉಂಟು: 1979ರ ‘ಅಪೊಕಲಿಪ್ಸ್ ನೌ’ ಚಿತ್ರದಲ್ಲಿ ಕರ್ಟ್ಜ್ ಎಂಬ ಪಾತ್ರದ ಕಾಡುಜನರಾಗಿ ಕಾಣುವವರು ಇಫುಗಾವ್‌ನವರು. ಕೊನೆಯಲ್ಲಿ ಕೋಣ ಕಡಿಯುವ ದೃಶ್ಯ ಅವರದೇ ನಿಜವಾದ ಬಲಿ. ನಿರ್ದೇಶಕರು ಅದನ್ನು ಚಿತ್ರಕ್ಕೆ ಸೇರಿಸಿಕೊಂಡರು.

ಇನ್ನು ಹಕ್ಕಿನ ಮಾತು. ಇಫುಗಾವ್ ಪದ್ಧತಿಯಲ್ಲಿ ಗದ್ದೆ ಪಾಲಾಗುವುದಿಲ್ಲ. ಹಿರಿಯ ಸಂತಾನಕ್ಕೆ, ಗಂಡಾಗಲಿ ಹೆಣ್ಣಾಗಲಿ, ಒಳ್ಳೆಯ ಗದ್ದೆ ಮತ್ತು ಅದರ ಮುಯೋಂಗ್ ಸೇರುತ್ತದೆ, ಅದೂ ಅಪ್ಪ ಅಮ್ಮ ಬದುಕಿರುವಾಗಲೇ, ಮದುವೆಯ ಹೊತ್ತಿಗೆ. ಕಿರಿಯರಿಗೆ ಉಳಿದದ್ದು, ಎಷ್ಟೋ ಸಲ ಏನೂ ಇಲ್ಲ. ಅನ್ಯಾಯವೆಂದು ಕಾಣುವುದು ಸಹಜ. ಆದರೆ ನಾಲ್ಕು ಹೆಜ್ಜೆ ಅಗಲದ ಗದ್ದೆಯನ್ನು ನಾಲ್ವರಿಗೆ ಹಂಚಿದ್ದರೆ ಗೋಡೆಯ ಹೊಣೆ ಯಾರದಾಗುತ್ತಿತ್ತು? ಈ ಪದ್ಧತಿಯೇ ಇಂದು ತಿರುಗುಬಾಣವಾಗಿದೆ. ಓದಿಸಲು ಮನೆಯವರು ಮೊದಲು ಕಳಿಸುವುದೂ ಹಿರಿಯ ಮಗುವನ್ನೇ ಆದರೆ ಗದ್ದೆಯ ಒಡತಿ ಬಾಗಿಯೊದಲ್ಲಿ ನರ್ಸು, ಒಡೆಯ ಮನಿಲಾದಲ್ಲಿ ಗುಮಾಸ್ತ. ಗದ್ದೆ ಗೇಣಿಗೆ, ಗೋಡೆ ದೇವರಿಗೆ.

ಹಾಗೆಂದು ಊರು ಕೈಕಟ್ಟಿ ಕೂತಿಲ್ಲ. 2000ದಲ್ಲಿ ಹುಟ್ಟಿದ ಇಫುಗಾವ್ ಗದ್ದೆ ಉಳಿಸಿ ಚಳವಳಿ ಕಾಲುವೆ ದುರಸ್ತಿ, ಮುಯೋಂಗ್‌ನ ನಾಟಿ ಮಾಡಿಸುತ್ತ ಬಂದಿದೆ. ಮೇಲೆ ಹೇಳಿದ ಉತ್ಖನನದಲ್ಲಿ ಹಳ್ಳಿಯವರನ್ನು ಸೇರಿಸಿಕೊಂಡದ್ದೂ ಇದೇ ಬಳಗ. ಶಾಲೆಗಳಲ್ಲಿ ಹುಡ್ಹುಡ್ ಕಲಿಸುವ ಪ್ರಯತ್ನಗಳಿವೆ. ತಿನಾವೊನ್ ಅಕ್ಕಿಯನ್ನು ಪಾರಂಪರಿಕ ತಳಿ ಎಂದು ಚೀಲ ಕಟ್ಟಿ ಅಮೆರಿಕಕ್ಕೆ ಕಳಿಸಿದ್ದೂ ಆಯಿತು. ಬೆಲೆ ಚೆನ್ನಾಗಿಯೇ ಬಂತು. ಆದರೆ ಮಾರಲು ಎಲ್ಲರ ಮನೆಯಲ್ಲೂ ಮಿಗುವಷ್ಟು ಇರಲಿಲ್ಲ, ಮಿಕ್ಕಿದ್ದನ್ನು ಮಾರಲು ಎಲ್ಲರಿಗೂ ಮನಸ್ಸೂ ಇರಲಿಲ್ಲ.

ಮನಸ್ಸಿಲ್ಲದ್ದಕ್ಕೆ ಕಾರಣ ಬಾಯಾ, ಅಂದರೆ ಅಕ್ಕಿಯ ಮದ್ಯ. ಅದಕ್ಕೆ ಅಂಟು ಅಕ್ಕಿಯೇ ಆಗಬೇಕು, ಗುಡ್ಡದ ಗದ್ದೆಯದೇ ಆಗಬೇಕು. ಮೊದಲು ಅಕ್ಕಿಯನ್ನು ಒಣ ಬಾಣಲೆಯಲ್ಲಿ ಕಂದು ಬಣ್ಣ ಬರುವವರೆಗೆ ಹುರಿಯುತ್ತಾರೆ, ಆಮೇಲೆ ಅನ್ನ ಮಾಡಿ, ಆರಿಸಿ, ಮನೆಯಲ್ಲೇ ತಟ್ಟಿಟ್ಟ ಹುದುಗಿನ ಬಿಲ್ಲೆ ಪುಡಿ ಮಾಡಿ ಕಲಸಿ, ಎಲೆ ಮುಚ್ಚಿ ಜಾಡಿಗೆ ತುಂಬುತ್ತಾರೆ. ಹಿಂದೆ ಒಂದು ಮನೆ ಕಡಂಗ್ಯಾನ್, ಅಂದರೆ ಸಿರಿವಂತ ಹಿರಿಮನೆ, ಎನ್ನಿಸಿಕೊಳ್ಳಬೇಕಾದರೆ ಊರಿಗೆಲ್ಲ ಬಾಯಾ ಕುಡಿಸಿ, ಹಂದಿ ಕೋಣ ಕಡಿದು, ಕಣಜ ಬರಿದು ಮಾಡಬೇಕಿತ್ತು. ಆ ಔತಣದ ಹೆಸರು ಇಂಬಾಯಾ. ಈಗ ಅದೇ ಹೆಸರಿನಲ್ಲಿ ಬನಾವೆ ಪೇಟೆಯಲ್ಲಿ ಊರಹಬ್ಬ ನಡೆಯುತ್ತದೆ. ಲಂಗೋಟಿ ಬಿಗಿದ ಗಂಡಸರು, ತಾವೇ ಕೆತ್ತಿದ ಮರದ ಸ್ಕೂಟರ್ ಏರಿ ಡಾಂಬರಿನ ಇಳಿಜಾರಿನಲ್ಲಿ ಬಿರುಗಾಳಿಯಂತೆ ಇಳಿಯುತ್ತಾರೆ. ಸ್ಕೂಟರ್‌ನ ಮೂತಿಗೆ ಸಿಂಹದ್ದೋ ಡ್ರ್ಯಾಗನ್ನಿನದೋ ತಲೆ, ಎಂಜಿನ್ ಇಲ್ಲ, ಬ್ರೇಕು ಕೂಡ ಹೆಸರಿಗಷ್ಟೇ. ಬಾಗಿಯೊ ಮನಿಲಾಗಳಿಂದ ಮಕ್ಕಳು ಬಸ್ಸು ಹತ್ತಿ ಬರುತ್ತಾರೆ. ಬಂದವರಿಗೆ ಊಟಕ್ಕೆ ಅಂಗಡಿಯ ಅಕ್ಕಿ ನಡೆಯುತ್ತದೆ, ಯಾರೂ ಕೇಳುವುದಿಲ್ಲ. ಬಾಯಾಕ್ಕೆ ಮಾತ್ರ ಅಂಗಡಿಯ ಅಕ್ಕಿ ಹಾಕಿದ್ದು ಗೊತ್ತಾದರೆ ಆ ಮನೆಯ ಮಾತು ಮುಂದಿನ ಹಬ್ಬದವರೆಗೂ ನಿಲ್ಲುವುದಿಲ್ಲ.